ಮನೆ ಬಿಟ್ಟವರು ಕೇಳಿದ ಪ್ರಶ್ನೆ

ಕೂದಲು ಇಳಿಬಿಟ್ಟ ಹುಡುಗನನ್ನು ಕಂಡರೆ 'ಏನೋ ಇದು ಹಿಪ್ಪಿ ವೇಷ?' ಎಂದು ಹಿರಿಯರು ಗದರುವ ಕಾಲವೊಂದಿತ್ತು. ಗೋಕರ್ಣದ ಕಡಲ ತೀರದಲ್ಲಿ, ಹಂಪಿಯ ಬಂಡೆಗಳ ನಡುವೆ ಅಲೆಯುತ್ತಿದ್ದ ವಿದೇಶೀಯರನ್ನು ನೋಡಿ ನಾವು ಕಲಿತ ಪದ ಅದು. ಕೊಳಕು ಬಟ್ಟೆ, ಗಾಂಜಾ, ಲಂಗುಲಗಾಮಿಲ್ಲದ ಬದುಕು. ಹಿಪ್ಪಿ ಎಂದರೆ ನಮ್ಮ ಮಟ್ಟಿಗೆ ಇಷ್ಟೇ. ಉಣ್ಣಲು ಉಡಲು ಕೊರತೆಯಿಲ್ಲದ ಮನೆಗಳ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದದ್ದೇಕೆ ಎಂದು ನಾವು ಕೇಳಲಿಲ್ಲ. ರೋಗವನ್ನು ಹಳಿದೆವೇ ಹೊರತು ಅದರ ಮೂಲವನ್ನು ಹುಡುಕಲಿಲ್ಲ.

1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ನಗರಗಳು ಬೂದಿಯಾಗಿದ್ದವು. ಅಮೆರಿಕದ ಕಾರ್ಖಾನೆಗಳು ಮಾತ್ರ ಸುರಕ್ಷಿತವಾಗಿದ್ದವು. 1946ರಿಂದ 1964ರವರೆಗೆ ಆ ದೇಶದಲ್ಲಿ ಏಳೂವರೆ ಕೋಟಿಗೂ ಹೆಚ್ಚು ಮಕ್ಕಳು ಹುಟ್ಟಿದರು. ನಗರಗಳ ಹೊರವಲಯದಲ್ಲಿ ಒಂದೇ ಅಚ್ಚಿನ ಮನೆಗಳು ಎದ್ದವು. ಮನೆಯ ಮುಂದೆ ಕಾರು, ಒಳಗೆ ಟಿ.ವಿ. ಬಂದವು. ಮೂವತ್ತರ ದಶಕದ ಆರ್ಥಿಕ ಕುಸಿತವನ್ನೂ ಯುದ್ಧವನ್ನೂ ಕಂಡ ತಂದೆ ತಾಯಂದಿರಿಗೆ ಇದು ಸ್ವರ್ಗವೇ ಆಗಿತ್ತು. ಆದರೆ ಅದೇ ಮಕ್ಕಳಿಗೆ ಶಾಲೆಯಲ್ಲಿ ಅಣುಬಾಂಬು ಬಿದ್ದರೆ ಡೆಸ್ಕಿನ ಕೆಳಗೆ ಅಡಗುವುದು ಹೇಗೆಂದು ಅಭ್ಯಾಸ ಮಾಡಿಸಲಾಗುತ್ತಿತ್ತು. ನಾಳೆಯೇ ಇಲ್ಲದಿರಬಹುದಾದ ಜಗತ್ತಿನಲ್ಲಿ ಹೊಸ ಫ್ರಿಜ್ಜಿಗಾಗಿ ದುಡಿಯುವುದಕ್ಕೆ ಏನರ್ಥ?

ಪಠ್ಯಪುಸ್ತಕದಲ್ಲಿ ಎಲ್ಲರೂ ಸಮಾನರು ಎಂದಿತ್ತು. ಆದರೆ 1960ರಲ್ಲಿ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಾಹಾರದ ಕಟ್ಟೆಯಲ್ಲಿ ಕುಳಿತದ್ದೇ ಅಪರಾಧವಾಯಿತು. 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಕ್ಕು ಕೇಳಿದ ಕರಿಯ ಮಕ್ಕಳ ಮೇಲೆ ಪೊಲೀಸರು ನಾಯಿಗಳನ್ನು ಛೂಬಿಟ್ಟರು. ಇಡೀ ದೇಶ ಅದನ್ನು ಊಟದ ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡಿತು.

ಇದರ ಮೇಲೆ ಬಂದದ್ದು ವಿಯೆಟ್ನಾಂ. 1969ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ ಐದು ಲಕ್ಷ ದಾಟಿತ್ತು. ಹದಿನೆಂಟರ ಹುಡುಗನನ್ನು ಸೈನ್ಯಕ್ಕೆ ಕಡ್ಡಾಯವಾಗಿ ಸೆಳೆಯಬಹುದಿತ್ತು. ಆದರೆ ಹೆಚ್ಚಿನ ಕಡೆ ಮತ ಹಾಕಲು ಅವನಿಗೆ ಇಪ್ಪತ್ತೊಂದು ತುಂಬಬೇಕಿತ್ತು. 1971ರವರೆಗೂ ಹೀಗೆಯೇ ನಡೆಯಿತು. ಅಂದರೆ ಕೊಲ್ಲಲು ಮತ್ತು ಸಾಯಲು ಅರ್ಹನಾದವನು ಆ ಬಗ್ಗೆ ಅಭಿಪ್ರಾಯ ಹೇಳಲು ಅರ್ಹನಲ್ಲ! ಯುದ್ಧದಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಸತ್ತ ವಿಯೆಟ್ನಾಮೀಯರು ಹತ್ತು ಲಕ್ಷಕ್ಕೂ ಮಿಗಿಲು.

ಈ ಹಿನ್ನೆಲೆಯಲ್ಲಿ 1967ರ ಬೇಸಿಗೆಯಲ್ಲಿ ಸಾನ್ ಫ್ರಾನ್ಸಿಸ್ಕೋದ ಹೇಟ್-ಆ್ಯಶ್‌ಬರಿ ಬಡಾವಣೆಗೆ ಸುಮಾರು ಒಂದು ಲಕ್ಷ ಯುವಕ ಯುವತಿಯರು ಬಂದರು. ಡಿಗ್ಗರ್ಸ್ ಎಂಬ ಗುಂಪು ಹಸಿದವರಿಗೆ ಪುಕ್ಕಟೆ ಊಟ ಹಾಕಿತು. ಹಣ ಪಡೆಯದ ಚಿಕಿತ್ಸಾಲಯವೂ ಆರಂಭವಾಯಿತು. ಇವನ್ನು ನಾವು ಮರೆಯಬಾರದು. ಆದರೆ ಮಾದಕ ದ್ರವ್ಯ ಮತ್ತು ರೋಗಗಳು ಬೇಗನೆ ಆ ಬೀದಿಗಳನ್ನು ನುಂಗಿದವು. ಅಕ್ಟೋಬರದಲ್ಲಿ ಅಲ್ಲಿನವರೇ 'ಹಿಪ್ಪಿ'ಯ ಅಣಕು ಶವಯಾತ್ರೆ ನಡೆಸಿದರು. ಮಾರುಕಟ್ಟೆಯನ್ನು ಧಿಕ್ಕರಿಸಿ ಬಂದವರ ಮಣಿಸರ, ಅಂಗಿ, ಹಾಡು ಎಲ್ಲವನ್ನೂ ಮಾರುಕಟ್ಟೆಯೇ ಮಾರಿಕೊಂಡಿತು.

ಅನ್ಯಾಯದ ಸಮಾಜವನ್ನು ತೊರೆದುಬಿಟ್ಟರೆ ನಾವು ನಿರ್ದೋಷಿಗಳಾಗುತ್ತೇವೆಯೇ? ಹಾಗೆಂದು ನಮಗೆ ಅನಿಸುವುದಿಲ್ಲ. ತೊರೆಯಬೇಕಾದರೆ ಮೊದಲು ಏನಾದರೂ ಇರಬೇಕು. ಹಿಪ್ಪಿಗಳಲ್ಲಿ ಹೆಚ್ಚಿನವರು ಬಿಳಿಯ ಮಧ್ಯಮ ವರ್ಗದವರು. ಬೇಸರವಾದ ದಿನ ಮರಳಲು ಅವರಲ್ಲಿ ಹಲವರಿಗೆ ಮನೆಯಿತ್ತು. ಕರಿಯರ ಕೇರಿಯ ಹುಡುಗನಿಗೆ ಆ ಅನುಕೂಲವಿರಲಿಲ್ಲ. ಯುದ್ಧ ವಿರೋಧಿ ಮೆರವಣಿಗೆಗಳಲ್ಲಿ ಹಿಪ್ಪಿಗಳೂ ನಡೆದದ್ದು ನಿಜ. ಆದರೆ ನಶೆಯಲ್ಲಿ ಕಣ್ಣು ಮುಚ್ಚಿದವನಿಂದ ಯುದ್ಧಕ್ಕೆ ಯಾವ ಅಡ್ಡಿಯೂ ಆಗಲಿಲ್ಲ.

ಅದೇ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಇನ್ನೊಬ್ಬ ಯುವಕ ಬೇರೆ ದಾರಿ ತೋರಿಸಿದ. ಬಾಕ್ಸರ್ ಮುಹಮ್ಮದ್ ಅಲಿ ತನ್ನ ಧರ್ಮ ಮತ್ತು ಆತ್ಮಸಾಕ್ಷಿ ಒಪ್ಪುವುದಿಲ್ಲವೆಂದು ಸೈನ್ಯ ಸೇರಲು ನಿರಾಕರಿಸಿದರು. ಅವರು ಓಡಿಹೋಗಲಿಲ್ಲ. ಪ್ರಶಸ್ತಿ ಹೋಯಿತು, ಐದು ವರ್ಷಗಳ ಶಿಕ್ಷೆ ಬಿತ್ತು. ಮೇಲ್ಮನವಿಯಿಂದಾಗಿ ಜೈಲು ತಪ್ಪಿದರೂ ಯೌವನದ ಮೂರೂವರೆ ವರ್ಷ ಅಖಾಡದಿಂದ ಹೊರಗಿದ್ದರು. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಪಡಿಸಿತು. ಸಮಾಜವನ್ನು ಬಿಟ್ಟು ಹೋಗುವುದಕ್ಕೂ ಅದರೊಳಗೇ ನಿಂತು 'ಇಲ್ಲ' ಎಂದು ಬೆಲೆ ತೆರುವುದಕ್ಕೂ ಇರುವ ಅಂತರ ಇದೇ.

ಹಾಗಾದರೆ ಹಿಪ್ಪಿಗಳ ಉತ್ತರ ತಪ್ಪಾಗಿತ್ತು. ಆದರೆ ಅವರ ಪ್ರಶ್ನೆ ತಪ್ಪಾಗಿರಲಿಲ್ಲ. ಮಕ್ಕಳಿಗೆ ಎಲ್ಲವನ್ನೂ ಕೊಟ್ಟ ಆ ಹಿರಿಯರು ಯುದ್ಧ ಮತ್ತು ವರ್ಣಭೇದದ ಬಗ್ಗೆ ಮಕ್ಕಳು ಕೇಳಿದಾಗ ಮೌನವಾಗಿದ್ದರು. ಇಂದು ನಮ್ಮ ಮನೆಗಳಲ್ಲೂ ಅಂಕ, ಸೀಟು, ಸಂಬಳದ ಮಾತು ಮುಗಿಯುವುದಿಲ್ಲ. ನೆರೆಹೊರೆಯ ಅನ್ಯಾಯದ ಬಗ್ಗೆ ಮಗ ಕೇಳಿದರೆ ಮಾತ್ರ 'ಅದೆಲ್ಲ ನಿನಗ್ಯಾಕೆ, ಓದ್ಕೋ ಹೋಗು' ಎನ್ನುತ್ತೇವೆ. ಅವನು ದಾರಿ ತಪ್ಪಿದನೆಂದು ನಾಳೆ ಹಳಿಯುವ ಮೊದಲು, ಅವನು ಕೇಳಿದಾಗ ನಾವು ಏನು ಹೇಳಿದ್ದೆವು ಎಂಬುದನ್ನು ನೆನಪಿಸಿಕೊಳ್ಳಬೇಕಾಗುತ್ತದೆ.