ಎರಡು ನಿಮಿಷ ಗ್ರಂಥಾಲಯದ ಮಾತು

ಈಚೆಗೆ ನಮ್ಮ ವಿಜಯಪುರದ ಓಣಿಗಳಲ್ಲಿ ಸಂಜೆ ಹೊತ್ತು ಹೊಸದೊಂದು ಪಾಠ ಕೇಳಿಬರುತ್ತಿದೆ. ನರ್ಸಿಂಗ್ ಮುಗಿಸಿದ ಮಗಳು, ಎಂಜಿನಿಯರಿಂಗ್ ಮುಗಿಸಿ ಹೊರದೇಶದಲ್ಲಿ ಮುಂದಿನ ಓದಿಗೆ ಹೊರಟ ಮಗ ಮಾಳಿಗೆ ಮೇಲೆ ಅಡ್ಡಾಡುತ್ತ ತಮಗೆ ತಾವೇ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗಕ್ಕೆ ಅದು ಸಿದ್ಧತೆ. ಎದುರಿಗೆ ಒಬ್ಬರೇ ಪರೀಕ್ಷಕರು, ಒಟ್ಟು 11ರಿಂದ 14 ನಿಮಿಷ. ಮೊದಲು ಮನೆ, ಊರು, ಹವ್ಯಾಸದ ಮಾತು. ಆಮೇಲೆ ಕೈಗೆ ಒಂದು ಚೀಟಿ ಬರುತ್ತದೆ. ಒಂದು ನಿಮಿಷ ಯೋಚಿಸಿ, ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ. ಅಲ್ಲಿ ಬರಬಹುದಾದ ವಿಷಯಗಳಲ್ಲಿ ಗ್ರಂಥಾಲಯವೂ ಒಂದು. ನೀವು ಗ್ರಂಥಾಲಯಕ್ಕೆ ಹೋಗುತ್ತೀರಾ? ಚಿಕ್ಕವರಿದ್ದಾಗ ಹೋಗುತ್ತಿದ್ದಿರಾ? ನಿಮ್ಮ ಊರಿನಲ್ಲಿ ಒಳ್ಳೆಯ ಗ್ರಂಥಾಲಯ ಇದೆಯೇ?

ಈ ಸರಳ ಪ್ರಶ್ನೆಗಳಿಗೆ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಉತ್ತರ ಕೇಳಿದರೆ ಮನಸ್ಸು ಮುದುಡುತ್ತದೆ. ಗಾಜಿನ ಗೋಡೆಯ ನಾಲ್ಕಂತಸ್ತಿನ ಕಟ್ಟಡ, ತಣ್ಣನೆಯ ಓದುಕೋಣೆ, ಕಾಫಿ ಮಾರುವ ಮೂಲೆ, ಅಲ್ಲಿಗೆ ಪ್ರತಿ ಶನಿವಾರ ಹೋಗಿ ಕಾದಂಬರಿ ಓದುವ ಹವ್ಯಾಸ. ಯಾರೋ ಯಾವುದೋ ಊರಿನಲ್ಲಿ ಕೂತು ಬರೆದ ಉತ್ತರ ಅದು. ತಿಕೋಟಾದ ಹುಡುಗಿಯೂ ಅದನ್ನೇ ಒಪ್ಪಿಸುತ್ತಾಳೆ, ಬಬಲೇಶ್ವರದ ಹುಡುಗನೂ ಅದನ್ನೇ. ಮೊದಲ ನಾಲ್ಕು ವಾಕ್ಯ ಸರಾಗವಾಗಿ ಸಾಗುತ್ತವೆ. ಕೊನೆಯ ಸಲ ಯಾವ ಪುಸ್ತಕ ತಂದಿರಿ, ಅದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಪರೀಕ್ಷಕರು ಮೆಲ್ಲಗೆ ಕೇಳಿದ ಕೂಡಲೇ ಮಾತು ನಿಂತುಬಿಡುತ್ತದೆ. ಪರೀಕ್ಷೆಯಲ್ಲಿ ಅಳೆಯುವುದು ಮಾತಿನ ಓಘ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರ ಇಷ್ಟನ್ನೇ. ಗ್ರಂಥಾಲಯ ಎಷ್ಟು ದೊಡ್ಡದು ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಬಾಯಿಪಾಠದ ಉತ್ತರವನ್ನು ಗುರುತಿಸುವುದಂತೂ ಪರೀಕ್ಷಕರಿಗೆ ರೂಢಿಯ ಕೆಲಸ.

ಹಾಗಾದರೆ ಆ ಹುಡುಗಿಯ ಹತ್ತಿರ ಸ್ವಂತದ್ದೇನಿದೆ? ಬಹಳ ಇದೆ. ಅವಳ ಊರಿನ ಗ್ರಂಥಾಲಯದಲ್ಲಿ ಬೆಳಗ್ಗೆ ಪತ್ರಿಕೆ ಬರುವುದನ್ನೇ ಕಾಯುವ ಹಿರಿಯರಿದ್ದಾರೆ. ಮುಖಪುಟ ಒಬ್ಬರ ಕೈಯಲ್ಲಿ, ಒಳಪುಟ ಇನ್ನೊಬ್ಬರ ಕೈಯಲ್ಲಿ. ಪೊಲೀಸ್ ಪರೀಕ್ಷೆಗೋ ಕೆಪಿಎಸ್‌ಸಿಗೋ ಓದುವ ಹುಡುಗರು ಮನೆಯಿಂದಲೇ ಪುಸ್ತಕ ಹೊತ್ತು ತಂದು ಮೂಲೆಯ ಕುರ್ಚಿ ಹಿಡಿಯುತ್ತಾರೆ. ಅವರಿಗೆ ಅಲ್ಲಿ ಬೇಕಾದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಒಂದು ಮೇಜು, ಒಂದಿಷ್ಟು ನಿಶ್ಶಬ್ದ, ಜೊತೆಗೆ ಓದುವ ನಾಲ್ಕು ಜನ. ದ್ರಾಕ್ಷಿ ಸುಗ್ಗಿ ಬಂತೆಂದರೆ ಪಡದಲ್ಲಿ, ಮಣೂಕದ ಶೆಡ್ಡಿನಲ್ಲಿ ಕೆಲಸ ಬಿದ್ದು ಕುರ್ಚಿಗಳು ಖಾಲಿಯಾಗುತ್ತವೆ. ಇದೂ ಗ್ರಂಥಾಲಯದ ಅಭ್ಯಾಸವೇ, ಮತ್ತು ಜಗತ್ತಿನ ಯಾವ ಪರೀಕ್ಷಕರಿಗೂ ಇದು ಕೇಳಲು ಹೊಸದು. ಆಕೆ ಇನ್ನೂ ಹೇಳಬಹುದು. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಕಟ್ಟಡ ತೆರಿಗೆಯ ಜೊತೆಗೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವೂ ಸೇರಿರುತ್ತದೆ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದು ಈಗ ಅರಿವು ಕೇಂದ್ರಗಳೆನಿಸಿವೆ. ಕೊರೊನಾ ಕಾಲದಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ನಾವು ತೆರಿಗೆ ಕಟ್ಟುತ್ತೇವೆ, ರಸೀದಿ ಮಡಚಿ ಇಡುತ್ತೇವೆ. ಅದರಲ್ಲಿ ನಮ್ಮದೊಂದು ಓದುಮನೆಯ ಪಾಲೂ ಇದೆ ಎಂಬುದು ನೆನಪಿಗೆ ಬರುವುದು ಅಪರೂಪ.

ಊರಿನ ಹಿರಿಮೆಯ ಮಾತೂ ಇದರೊಳಗೆ ಸೇರಬಹುದು. ಒಂದನೆಯ ಅಲಿ ಆದಿಲ್‌ಶಾಹ ಪ್ರಯಾಣಕ್ಕೆ ಹೊರಟರೂ ಪುಸ್ತಕದ ಪೆಟ್ಟಿಗೆಗಳನ್ನು ಜೊತೆಗೆ ಒಯ್ಯುತ್ತಿದ್ದನೆಂದು ಅವನ ಆಸ್ಥಾನ ಕಂಡಿದ್ದ ಇತಿಹಾಸಕಾರ ರಫೀಉದ್ದೀನ್ ಶಿರಾಜಿ ಬರೆದಿದ್ದಾನೆ. ಆ ರಾಜಗ್ರಂಥಾಲಯದಲ್ಲಿ ಅಳಿದುಳಿದ ಅರಬ್ಬಿ, ಪಾರಸಿ ಹಸ್ತಪ್ರತಿಗಳು ಬಹುಕಾಲ ನಮ್ಮ ಅಸರ್ ಮಹಲಿನಲ್ಲಿದ್ದವು. 1853ರಲ್ಲಿ ಅವನ್ನು ಲಂಡನ್ನಿಗೆ ಸಾಗಿಸಿದರು. ಇಂದು ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿ ಬಿಜಾಪುರ ಸಂಗ್ರಹ ಎಂಬ ಹೆಸರಿನಲ್ಲಿಯೇ ಇವೆ. ಇಂಗ್ಲೆಂಡಿಗೆ ಹೊರಟ ವಿಜಯಪುರದ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಆದರೆ ನನಗೆ ಇನ್ನೂ ಹತ್ತಿರವೆನಿಸುವುದು ನಮ್ಮ ಫ.ಗು. ಹಳಕಟ್ಟಿಯವರು. ವಕೀಲಿ ಮಾಡಿಕೊಂಡು ಸುಖವಾಗಿ ಇರಬಹುದಾಗಿದ್ದವರು ಮನೆಮನೆಗೆ ಹೋಗಿ ವಚನಗಳ ತಾಡೋಲೆ ಕೇಳಿದರು. ಎಷ್ಟೋ ಮನೆಗಳಲ್ಲಿ ಅವು ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಬಿಚ್ಚಿ ಓದುವವರಿರಲಿಲ್ಲ. ಅವನ್ನು ಓದಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಮುಂದೆ ಹಿತಚಿಂತಕ ಮುದ್ರಣಾಲಯ ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತಂದರು. ಇದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಈ ಊರಿನವರಾಗಿ ನಾವು ಪುಸ್ತಕದ ಬಗ್ಗೆ ಇನ್ನೊಬ್ಬರ ಉತ್ತರವನ್ನು ಎರವಲು ತರಬೇಕಾಗಿಲ್ಲ.

ಮನೆಯಲ್ಲಿ ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಮಕ್ಕಳಿಗೆ ಏನು ಸಹಾಯ ಮಾಡಲು ಸಾಧ್ಯ ಎಂದು ಎಷ್ಟೋ ತಾಯಿತಂದೆಯರು ಹಿಂಜರಿಯುತ್ತಾರೆ. ಸಾಧ್ಯವಿದೆ, ಅದೂ ಕನ್ನಡದಲ್ಲಿಯೇ. ರಾತ್ರಿ ಊಟ ಮುಗಿದ ಮೇಲೆ ಎರಡು ನಿಮಿಷ ಮಗಳ ಎದುರು ಕೂತು, ಇವತ್ತು ಏನು ಓದಿದೆ, ಹೇಳವ್ವ ಎಂದು ಕೇಳೋಣ. ಅವಳು ಹೇಳುವಾಗ ಮೊಬೈಲು ಪಕ್ಕಕ್ಕಿರಲಿ. ನಡುವೆ ತಿದ್ದುವುದು ಬೇಡ. ಮುಗಿಸಿದ ಮೇಲೆ, ಯಾಕೆ ಹಾಗನಿಸಿತು ಎಂದು ಒಂದೇ ಪ್ರಶ್ನೆ ಹಾಕಿದರೆ ಸಾಕು. ತನ್ನ ಭಾಷೆಯಲ್ಲಿ ಎರಡು ನಿಮಿಷ ಎಳೆ ತಪ್ಪದೆ ಹೇಳಲು ಬಂದವಳಿಗೆ ಇಂಗ್ಲಿಷಿನಲ್ಲಿ ಪದಗಳನ್ನು ಹುಡುಕುವ ಕೆಲಸವಷ್ಟೇ ಉಳಿಯುತ್ತದೆ. ಹೇಳುವ ವಿಷಯ ಹುಡುಕಬೇಕಾಗುವುದಿಲ್ಲ. ಇನ್ನೊಂದು ಮಾತೂ ಇದೆ. ನಿಮ್ಮ ಮನೆಯವರು ಗ್ರಂಥಾಲಯಕ್ಕೆ ಹೋಗುತ್ತಾರೆಯೇ ಎಂದೂ ಪರೀಕ್ಷಕರು ಕೇಳಿಯಾರು. ಆ ಉತ್ತರ ನಾವು ಕೊಟ್ಟರಷ್ಟೇ ಅವಳಿಗೆ ಸಿಗುವುದು. ಸಂತೆಗೆಂದು ಪೇಟೆಗೆ ಹೋದ ದಿನ, ಬ್ಯಾಂಕಿನ ಕೆಲಸಕ್ಕೆ ಹೋದ ದಿನ, ಹತ್ತು ನಿಮಿಷ ಆ ಬಾಗಿಲು ಹೊಕ್ಕು ಬರೋಣ. ಹೆಸರು ಹಚ್ಚಿರದಿದ್ದರೆ ಹಚ್ಚಿಸೋಣ, ಕೃಷಿಯದೋ ಅಡುಗೆಯದೋ ಒಂದು ಪುಸ್ತಕ ಮನೆಗೆ ತರೋಣ. ಮರಳಿ ಕೊಡುವ ದಿನ ಯಾವುದೆಂದು ಮಗಳಿಗೇ ಹೇಳಿಡೋಣ, ನೆನಪು ಮಾಡಲಿ.