ಚಿರತೆಯ ಹಸಿವು ಮತ್ತು ಹಿಂಸೆಯ ಲೆಕ್ಕ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ಚಿರತೆ ಬಂಡೆಗುಡ್ಡ, ಕುರುಚಲು ಕಾಡು, ಕಬ್ಬಿನ ಗದ್ದೆಗಳನ್ನು ನಂಬಿ ಬದುಕುವ ಪ್ರಾಣಿ. ಮೇಕೆ ಕಳೆದುಕೊಂಡವರ ಪಾಲಿಗೆ ಅದು ಕೊಲೆಗಡುಕ. 1972ರ ವನ್ಯಜೀವಿ ಕಾಯ್ದೆಯ ಪಾಲಿಗೆ ಮೊದಲ ಅನುಸೂಚಿಯ ರಕ್ಷಿತ ಜೀವಿ. ಕೊಂದು ತಿಂದ ಪಾಪ ಅದಕ್ಕೆ ಅಂಟುತ್ತದೆಯೇ ಎಂಬುದು ಮೂರನೆಯ ಪ್ರಶ್ನೆ. ಇದನ್ನು ಅದರ ಬಾಯಿಂದಲೇ ಶುರುಮಾಡಬೇಕು.

ಚಿರತೆಯ ದವಡೆ ಆಡುವುದು ಮೇಲೆ ಕೆಳಗೆ ಮಾತ್ರ. ಹಸುವಿನಂತೆ ಅಡ್ಡಡ್ಡ ಅರೆಯಲಾರದು. ನಾಲಿಗೆಯ ಮೇಲೆ ಒಳಮುಖವಾಗಿ ಬಾಗಿದ ಮುಳ್ಳುಗಳಿದ್ದು, ಮೂಳೆಗಂಟಿದ ಮಾಂಸವನ್ನು ಕೆರೆದು ತೆಗೆಯುತ್ತವೆ. ಬೆಕ್ಕಿನ ಕುಲದ ನಾಲಿಗೆಗೆ ಸಿಹಿ ತಿಳಿಯದು. ಕಬ್ಬಿನ ಗದ್ದೆಯಲ್ಲೇ ಮರಿ ಹಾಕಿದರೂ ಕಬ್ಬು ಅದಕ್ಕೆ ಬರೀ ಮರೆ. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರೀನ್ ಅನ್ನು ಈ ಕುಲದ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಸಿಗಬೇಕು. ನೀರೂ ಬಹುಪಾಲು ಅಲ್ಲಿಂದಲೇ: ಮಾಂಸದ ಮುಕ್ಕಾಲು ಭಾಗದಷ್ಟು ನೀರು. ಚನ್ನರಾಯಪಟ್ಟಣದ ಒಣಗುಡ್ಡದ ಚಿರತೆ ಕೆಲವು ದಿನ ನೀರು ಕುಡಿಯದೆಯೂ ಇರಬಲ್ಲದು. ಬೇಟೆ ತಪ್ಪಿದರೆ ಮಾತ್ರ ಹಸಿವಿನ ಜೊತೆಗೆ ಬಾಯಾರಿಕೆಯೂ ಸೇರುತ್ತದೆ.

ವೈದಿಕ ಪರಂಪರೆ ಈ ಪ್ರಶ್ನೆಯನ್ನು ಬೇಗ ಮುಗಿಸುತ್ತದೆ. ಪ್ರಾಣಿಜನ್ಮ ಭೋಗಯೋನಿ, ಹಳೆಯ ಕರ್ಮ ಉಣ್ಣುವುದಕ್ಕಷ್ಟೇ; ವಿಧಿನಿಷೇಧಗಳು ಮನುಷ್ಯನಿಗೆ. ಹೊಳೆನರಸೀಪುರದ ನರಸಿಂಹನ ಉಗುರಿನ ಲೆಕ್ಕವಂತೂ ಬೇರೆಯೇ, ಅಲ್ಲಿ ಸೀಳುವುದೇ ರಕ್ಷಣೆ.

ಜೈನರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಇರುವ ಪ್ರಾಣಿ ಕರ್ಮ ಕಟ್ಟಿಕೊಳ್ಳುತ್ತದೆ. ಮುನಿಗಳ ಮಹಾವ್ರತಕ್ಕೆ ಮನುಷ್ಯಜನ್ಮವೇ ಬೇಕಾದರೂ ಗೃಹಸ್ಥರ ಅಣುವ್ರತವನ್ನು ಪ್ರಾಣಿಯೂ ಹಿಡಿಯಬಲ್ಲದು. ಮಹಾವೀರನ ಜೀವ ಹಿಂದೊಂದು ಭವದಲ್ಲಿ ಸಿಂಹವಾಗಿತ್ತೆಂದು ಗುಣಭದ್ರನ ಉತ್ತರಪುರಾಣ ಹೇಳುತ್ತದೆ. ಮುನಿಗಳಿಬ್ಬರ ಮಾತಿಗೆ ಅದು ಎಚ್ಚೆತ್ತು ಮಾಂಸ ಬಿಟ್ಟಿತು. ಗಮನಿಸಬೇಕಾದ್ದು, ಪುರಾಣ ಆ ಸಿಂಹಕ್ಕೆ ಹುಲ್ಲು ತಿನ್ನಿಸುವುದಿಲ್ಲ. ಅದು ಉಪವಾಸದಲ್ಲೇ ದೇಹ ಬಿಡುತ್ತದೆ. ಟಾರೀನಿನ ಹೆಸರು ಗೊತ್ತಿಲ್ಲದ ಕಾಲದ ಕಥೆಗೂ ಸಿಂಹದ ಹೊಟ್ಟೆ ಎಂಥದೆಂದು ಗೊತ್ತಿತ್ತು. ಗೋವಿನ ಹಾಡಿನ ಹುಲಿಯೂ ಪುಣ್ಯಕೋಟಿಯನ್ನು ತಿನ್ನಲಾರದೆ ಪ್ರಾಣವನ್ನೇ ಬಿಡುತ್ತದೆ, ಮೇಯಲು ಹೋಗುವುದಿಲ್ಲ. 978ರಲ್ಲಿ ತೀರ್ಥಂಕರರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದು, 981ರ ಸುಮಾರಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಅದೇ ಪುರಾಣ ಪರಂಪರೆಯವನು. ಯುದ್ಧಗಳನ್ನು ಗೆದ್ದ ದಂಡನಾಯಕನಾದ ಅವನಿಗೆ ಕೊಲ್ಲುವುದೆಂದರೇನೆಂದು ಹೇಳಿಕೊಡಬೇಕಿರಲಿಲ್ಲ.

ಸಿಂಹದ ಹಾದಿ ಹಿಡಿಯದ ಸಾಮಾನ್ಯ ಚಿರತೆಯ ಲೆಕ್ಕ ಉಳಿಯಿತು. ಜೈನ ಮತದಲ್ಲಿ ಕರ್ಮದ ಅಂಟು ಗಟ್ಟಿಯಾಗುವುದು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ. ಹಸಿದು ಒಂದು ನಾಯಿಯನ್ನು ಹೊತ್ತೊಯ್ದ ಚಿರತೆಯಲ್ಲಿ ಕ್ರೋಧ ಹುಡುಕುವುದು ಕಷ್ಟ. ಅದೇ ಚಿರತೆ ಮುಚ್ಚಿದ ಕೊಟ್ಟಿಗೆಗೆ ನುಗ್ಗಿ, ನಾಲ್ಕಾರು ಮೇಕೆಗಳ ಕತ್ತು ಮುರಿದು, ಒಂದನ್ನು ಮಾತ್ರ ಒಯ್ಯುವುದೂ ಉಂಟು. ಓಡಲು ದಾರಿಯಿಲ್ಲದೆ ಮೇಕೆಗಳು ಕಣ್ಣೆದುರೇ ಎಗರಾಡುವಾಗ ಬೇಟೆಯ ಚುರುಕು ನಿಲ್ಲುವುದಿಲ್ಲ ಎಂಬುದು ಜೀವಶಾಸ್ತ್ರದ ವಿವರಣೆ. ಆ ಚುರುಕನ್ನು ಭೋಗಯೋನಿಯ ಮತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೈನ ಮತ ಹಿಡಿಯುತ್ತದೆ, ಹಸಿವಿಗೆ ತಿಂದ ಮೇಕೆಯನ್ನೂ ಬಿಡುವುದಿಲ್ಲ.