ಕಾರಣವರಿತ ಕಲಿಕೆ

ಶಂಕರನಾರಾಯಣದ ಸೀಮೆಯ ಅಡಕೆಯ ತೋಟಗಳಲ್ಲಿ ಮಳೆಗಾಲವು ಕಾಲಿಡುವ ಮುನ್ನವೇ ಗೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವುದು ವಾಚಕರಿಗೆ ತಿಳಿಯದ ವಿಷಯವಲ್ಲ. ಕೊಳೆರೋಗಕ್ಕೆ ಈ ಮದ್ದು ಸಲ್ಲುವುದೆಂಬುದನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸನು ಪ್ರಯೋಗಗಳಿಂದ ತೋರಿಸಿದನು.

ಈ ಕ್ರಮವನ್ನು ಇಬ್ಬರು ಕಲಿಯುವರೆಂದು ಭಾವಿಸೋಣ. ಒಬ್ಬನು ಹಲವು ವರ್ಷಗಳ ಫಲಾಫಲಗಳನ್ನು ಎಣಿಸಿ ಕಲಿಯುವನು. ಮತ್ತೊಬ್ಬನು ಒಂದೇ ತೋಟವನ್ನು ಕಂಡು, ರೋಗಬೀಜವು ಮಳೆನೀರಿನೊಡನೆ ಹರಡುವುದೆಂದೂ ತಾಮ್ರದ ಲೇಪವಿರುವಲ್ಲಿ ಅದು ಮೊಳೆಯಲಾರದೆಂದೂ ಕಾರಣವನ್ನು ಅರಿಯುವನು. ತೋಟ ಯಾರದು, ವಾರ ಯಾವುದು ಎಂಬ ಸಂಗತಿಗಳು ಆ ಕಾರಣಸರಣಿಯಲ್ಲಿ ಬಾರದುದರಿಂದ ಅವನ್ನು ಬಿಡುವನು. ಲೇಪವು ಮಳೆಗೆ ಮುಂಚೆ ಆಗಬೇಕು, ಗೊನೆಯನ್ನೆಲ್ಲ ಆವರಿಸಬೇಕು ಎಂಬಿವನ್ನು ಹಿಡಿಯುವನು. ಒಂದೇ ಉದಾಹರಣೆಯಿಂದ ನಿಯಮವು ದೊರೆಯಿತು!

1986ರಲ್ಲಿ ಅಮೇರಿಕದ ಟಾಮ್ ಮಿಚೆಲ್, ಜೆರಾಲ್ಡ್ ಡಿಜಾಂಗ್ ಮೊದಲಾದವರು ಯಂತ್ರಗಳಿಗೆ ಕಲಿಸಲೆಳಸಿದ್ದು ಈ ಎರಡನೆಯ ಮಾರ್ಗವನ್ನೇ. ಅದೇ ವರ್ಷ ಪಾಲ್ ರೋಸನ್‌ಬ್ಲೂಮ್ ಮತ್ತು ಜಾನ್ ಲೈರ್ಡರು, ತಾವು ಅಲೆನ್ ನ್ಯೂವೆಲನೊಡನೆ ಕಟ್ಟಿದ 'ಸೋರ್' ಎಂಬ ಮನೋರಚನೆಯ ಮಾದರಿಯಲ್ಲಿಯೂ ಇದೇ ಬಗೆಯ ಕಲಿಕೆ ನಡೆಯುವುದೆಂದು ತೋರಿಸಿದರು. ಸೋರ್ ದಾರಿ ತೋಚದೆ ನಿಂತಾಗ ಯೋಚಿಸಿ ತೊಡಕನ್ನು ಬಿಡಿಸಿಕೊಂಡು, ಆ ಫಲಕ್ಕೆ ಬೇಕಾದ ಸಂಗತಿಗಳನ್ನಷ್ಟೇ ಕೂಡಿಸಿ ಒಂದು ನಿಯಮವನ್ನು ಮಾಡಿಟ್ಟುಕೊಳ್ಳುವುದು. ಮುಂದೆ ಅಂಥ ಸನ್ನಿವೇಶವೊದಗಿದರೆ ಮರುಯೋಚನೆಯಿಲ್ಲದೆ ಕಾರ್ಯವು ನಡೆಯುವುದು. ವಿಚಾರವು ಅಭ್ಯಾಸವಾಗಿ ಹೆಪ್ಪುಗಟ್ಟುವ ಬಗೆ ಇದು.

ಆದರೆ ಇಲ್ಲಿ ಎರಡು ಅಪಾಯಗಳುಂಟು. ನಿಯಮಗಳು ಬೆಳೆದಂತೆ ಅವುಗಳಲ್ಲಿ ಸಲ್ಲುವುದನ್ನು ಹುಡುಕುವ ಶ್ರಮವೇ ಲಾಭವನ್ನು ನುಂಗಬಹುದೆಂದು 1988ರಲ್ಲಿ ಸ್ಟೀವನ್ ಮಿಂಟನ್ ತೋರಿಸಿದನು. ಎರಡನೆಯದು ಇನ್ನೂ ಗಂಭೀರವಾದುದು. ಎಳೆಯ ಅಡಕೆಯು ತಿಗಣೆಯ ಬಾಧೆಯಿಂದಲೂ ಉದುರುವುದುಂಟು. ಉದುರಿದುದೆಲ್ಲ ಕೊಳೆರೋಗದಿಂದಲೇ ಎಂದು ನಂಬಿದವನು ತರ್ಕದಲ್ಲಿ ಎಡವದೆಯೇ ಮದ್ದನ್ನು ವ್ಯರ್ಥಮಾಡುವನು. ಮೂಲದ ನಂಬಿಕೆಯು ತಪ್ಪಾದರೆ ವಿವರಣೆಯು ತಪ್ಪನ್ನೇ ನಿಯಮವನ್ನಾಗಿ ಮಾಡುವುದು.

ಪ್ರತಿದಿನವೂ ಎಲ್ಲವನ್ನೂ ಮೊದಲಿನಿಂದ ಯೋಚಿಸುತ್ತ ಕುಳಿತರೆ ಬಾಳು ಸಾಗದು. ಅಭ್ಯಾಸವು ಬೇಕೇ ಬೇಕು. ಆದರೆ ಮಕ್ಕಳಿಗೆ ನಿಯಮವನ್ನು ಮಾತ್ರ ದಾಟಿಸಿ ಕಾರಣವನ್ನು ನಮ್ಮಲ್ಲಿಯೇ ಉಳಿಸಿಕೊಂಡರೆ, ಅವರು ಕೈಕೆಲಸವನ್ನು ಪಡೆಯುವರೇ ಹೊರತು ಅದನ್ನು ತಿದ್ದುವ ಅಧಿಕಾರವನ್ನು ಪಡೆಯಲಾರರು. ತೋಟದಲ್ಲಿ ಮಾತ್ರವಲ್ಲ, ಮನೆಯ ಆಚಾರದಲ್ಲಿಯೂ ಇದು ನಿಜವಲ್ಲವೆ? "ಏಕೆ?" ಎಂದು ಕೇಳುವ ಮಗುವನ್ನು ಗದರಿಸುವ ಮುನ್ನ, ಉತ್ತರವು ನಮಗೇ ಮರೆತುಹೋಗಿಲ್ಲವಷ್ಟೆ ಎಂದು ನೋಡಿಕೊಳ್ಳುವುದು ಲೇಸು.